ಡಿಎಚ್‌ಒ ಕಚೇರಿಗೆ ಅರ್ಜಿ ಬರೆಯುವ ಮೊದಲು

ಪತ್ರ: ನನ್ನ ಮಗಳು ಮೈಸೂರಿನ ಕಾಲೇಜೊಂದರಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಪದವಿ ಓದುತ್ತಿದ್ದಾಳೆ, ನಾಲ್ಕನೇ ಸೆಮಿಸ್ಟರ್. ಜೂನ್‌ನಿಂದ ಎಂಟು ವಾರ ಇಂಟರ್ನ್‌ಶಿಪ್ ಮಾಡಬೇಕಂತೆ, ಜಾಗ ನೀವೇ ಹುಡುಕಿಕೊಳ್ಳಿ ಎಂದಿದ್ದಾರೆ. 12,000 ರೂಪಾಯಿ ಕಟ್ಟಿದರೆ ಬೆಂಗಳೂರಿನಲ್ಲಿ ಕೊಡಿಸುತ್ತೇವೆ ಎಂದು ಯಾರೋ ಫೋನ್ ಮಾಡುತ್ತಿದ್ದಾರೆ. ನಮ್ಮದು ಎರಡು ಎಕರೆ ಕಬ್ಬು, ಒಂದೆರಡು ಹಸು. ಕಟ್ಟಬಹುದೆ? ಸರ್ಕಾರದಿಂದ ಏನಾದರೂ ಹಣ ಸಿಗುತ್ತದೆಯೆ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಕಟ್ಟಬೇಡಿ. ದುಡ್ಡು ಕೊಟ್ಟು ಪಡೆಯುವ ಇಂಟರ್ನ್‌ಶಿಪ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಪ್ರಮಾಣಪತ್ರ ಮಾತ್ರ. ಮುಂದೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಪ್ರವೇಶಕ್ಕೋ ಕೆಲಸಕ್ಕೋ ಹೋದಾಗ ಎದುರು ಕೂತವರು ಕೇಳುವುದು 'ಏನು ಮಾಡಿದೆ?' ಎಂದು. ಅದಕ್ಕೆ ಆ ಕಾಗದ ಉತ್ತರ ಹೇಳುವುದಿಲ್ಲ.

ಜಾಗ ಹುಡುಕುವ ಮೊದಲು ಎಷ್ಟು ಕ್ರೆಡಿಟ್‌ಗೆ ಎಷ್ಟು ಗಂಟೆ ಎಂದು ಕಾಲೇಜಿನಿಂದ ಬರಹದಲ್ಲಿ ಕೇಳಿ ಪಡೆಯಲಿ. ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್‌ಗೆ 30 ಗಂಟೆ. 4 ಕ್ರೆಡಿಟ್ ಆದರೆ 120 ಗಂಟೆ. ದಿನಕ್ಕೆ 6 ಗಂಟೆಯಂತೆ 20 ದಿನದ ಕೆಲಸ. ಕಾಲೇಜು ಹೆಚ್ಚು ದಿನ ಕೇಳಬಹುದು, ಆದರೆ 'ಎಂಟು ವಾರ' ಎಂಬುದು ಬಾಯಿಮಾತೋ ನಿಯಮವೋ ಗೊತ್ತಾಗಬೇಕು. ಖರ್ಚೆಲ್ಲ ಅದರ ಮೇಲೇ ನಿಂತಿದೆ.

ಇನ್ನು ಜಾಗ. ಮೈಸೂರು, ಮಂಡ್ಯ ಬಿಟ್ಟು ಬೆಂಗಳೂರಿಗೆ ಹೋಗುವ ಕಾರಣವೇ ಇಲ್ಲ. ಬುಡಕಟ್ಟು ಜನರ ಆರೋಗ್ಯದಲ್ಲಿ ಆಸಕ್ತಿ ಇದ್ದರೆ 1984ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ, ಸರಗೂರಿನಲ್ಲಿ ಅದರ ಆಸ್ಪತ್ರೆಯೂ ಇದೆ. ಮಹಿಳೆಯರ ಆರೋಗ್ಯ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಕೆಲಸ ನೋಡಬೇಕೆಂದರೆ ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ. ನೀತಿ, ಸಮೀಕ್ಷೆಗಳ ಕಡೆ ಒಲವಿದ್ದರೆ ಮೈಸೂರಿನದೇ ಸಂಶೋಧನಾ ಸಂಸ್ಥೆ 'ಗ್ರಾಮ್' (GRAAM). ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಸಂವಹನ ದೋಷಗಳ ತಡೆಗೇ ಒಂದು ವಿಭಾಗವಿದೆ. ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳಿಗೆ ಅದು ನೆನಪಾಗುವುದೇ ಅಪರೂಪ. ಮೈಸೂರು ವೈದ್ಯಕೀಯ ಕಾಲೇಜು, ಮಂಡ್ಯದ ಮಿಮ್ಸ್, ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳಿಗೂ ಬರೆಯಬಹುದು.

ಆದರೂ ನಿಮ್ಮ ಮಗಳಿಗೆ ನಾವು ಮೊದಲು ಸೂಚಿಸುವುದು ಮಂಡ್ಯ ಜಿಲ್ಲಾ ಆರೋಗ್ಯ ಇಲಾಖೆಯನ್ನೇ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಯನ್ನು. ಪುಸ್ತಕದಲ್ಲಿ ಓದಿದ ವ್ಯವಸ್ಥೆ ನಡೆಯುವುದು ಅಲ್ಲಿ. ಮನೆಯಲ್ಲಿದ್ದುಕೊಂಡೇ ಹೋಗಿಬರಬಹುದು.

ಇಲ್ಲಿ ಹೆಚ್ಚಿನವರು ಎಡವುವುದು ಅರ್ಜಿಯಲ್ಲಿ. 'ತಮ್ಮ ಕಚೇರಿಯಲ್ಲಿ ಇಂಟರ್ನ್‌ಶಿಪ್‌ಗೆ ಅವಕಾಶ ಕೋರುತ್ತೇನೆ' ಎಂದಷ್ಟೇ ಬರೆದರೆ ಕಡತ ಮುಂದೆ ಹೋಗುವುದು ಕಷ್ಟ, ಏಕೆಂದರೆ ಈ ಹುಡುಗಿಯನ್ನು ಏನು ಮಾಡುವುದು ಎಂದು ಯೋಚಿಸುವ ಹೊರೆ ಅಧಿಕಾರಿಯ ತಲೆಗೆ ಬೀಳುತ್ತದೆ. ಕೆಲಸವನ್ನೇ ಹೆಸರಿಸಿ ಕೇಳಬೇಕು. ಜೂನ್, ಜುಲೈ ಎಂದರೆ ಡೆಂಗಿ ಕಾಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಲಾರ್ವಾ (ಸೊಳ್ಳೆ ಮರಿ) ಸಮೀಕ್ಷೆ ಮಾಡುತ್ತಾರೆ, ಅಂಕಿಗಳು ಬಂದು ಬೀಳುತ್ತವೆ, ಅವನ್ನು ಊರುವಾರು ಜೋಡಿಸಿ ನೋಡಲು ಯಾರಿಗೂ ಪುರುಸೊತ್ತಿಲ್ಲ. 100 ಮನೆ ನೋಡಿದಾಗ 8 ಮನೆಯಲ್ಲಿ ಲಾರ್ವಾ ಸಿಕ್ಕರೆ ಹೌಸ್ ಇಂಡೆಕ್ಸ್ 8. ಆ 8 ಮನೆಗಳಲ್ಲಿ ತೊಟ್ಟಿ, ಡ್ರಮ್ಮು, ಟೈರು ಸೇರಿ 13 ಕಡೆ ಲಾರ್ವಾ ಇದ್ದರೆ ಬ್ರೆಟೊ ಇಂಡೆಕ್ಸ್ 13. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವ್ಯಾಪ್ತಿಯ ಹಳ್ಳಿಗಳಿಗೆ ವಾರವಾರವೂ ಈ ಲೆಕ್ಕ ಹಾಕಿ ನಕ್ಷೆಯಲ್ಲಿ ಗುರುತಿಸಿಕೊಡುತ್ತೇನೆ ಎಂದು ಬರೆದರೆ ವೈದ್ಯಾಧಿಕಾರಿಗೂ ಉಪಯೋಗ, ಅವಳಿಗೂ ಎಂಟು ವಾರಕ್ಕೆ ಸರಿಹೋಗುವ ಕೆಲಸ.

ಲಸಿಕೆಯನ್ನೂ ಆರಿಸಿಕೊಳ್ಳಬಹುದು. ಐದು ರೋಗ ತಡೆಯುವ ಪೆಂಟಾವಲೆಂಟ್ ಲಸಿಕೆ ಕೊಡುವುದು ಮಗುವಿಗೆ 6, 10 ಮತ್ತು 14ನೇ ವಾರದಲ್ಲಿ. ಮೊದಲ ಡೋಸ್ ಪಡೆದ 200 ಮಕ್ಕಳಲ್ಲಿ ಮೂರನೆಯದಕ್ಕೆ ಬಂದವರು 180 ಆದರೆ ಬಿಟ್ಟುಹೋದವರು ಶೇ. 10. ಆ 20 ಮಕ್ಕಳು ಎಲ್ಲಿಯವರು? ಕಬ್ಬು ಕಟಾವಿಗೆ ಹೊರಗಿನಿಂದ ಬಂದ ಕುಟುಂಬದವರೆ? ತಾಯಿ ತವರಿನಲ್ಲಿ ಹಾಕಿಸಿ ಇಲ್ಲಿ ದಾಖಲಾಗದೆ ಉಳಿದದ್ದೆ? ಕೊನೆಯದು ಎಷ್ಟೋ ಸಲ ನಿಜವಾಗಿರುತ್ತದೆ. ಅದು ರಿಜಿಸ್ಟರಿನಲ್ಲಿ ಕಾಣದು, ಮನೆ ಬಾಗಿಲಿಗೆ ಹೋಗಿ ತಾಯಿ ಕಾರ್ಡ್ ನೋಡಬೇಕು.

'ಸಂಶೋಧನೆ ಮಾಡುತ್ತೇನೆ' ಎಂಬ ಪದ ಮಾತ್ರ ಅರ್ಜಿಯಲ್ಲಿ ಬೇಡ, ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ಸಿಕ್ಕಿಲ್ಲದಿದ್ದರೆ. ಜನರನ್ನು ಪ್ರಶ್ನಿಸಿ ಪ್ರಬಂಧ ಬರೆಯಬೇಕೆಂದರೆ ಆ ಒಪ್ಪಿಗೆ ಬೇಕೇ ಬೇಕು. ಅದಕ್ಕೆ ಕಾದು ಕೂತು ಅರ್ಧ ಅವಧಿ ಕಳೆದುಕೊಳ್ಳುವವರಿದ್ದಾರೆ. ಇಲಾಖೆಯ ನಿತ್ಯದ ಕೆಲಸದಲ್ಲಿ ಕೈಜೋಡಿಸುವುದು ಬೇರೆ ಮಾತು. ಹಾಗೆಂದು ಕ್ಷಯ ರೋಗಿಗಳ ಪಟ್ಟಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಬರುವಂತಿಲ್ಲ. ಹೆಸರು, ಫೋನ್ ನಂಬರ್ ಬಿಟ್ಟು ಅಂಕಿ ಮಾತ್ರ ಬರೆದುಕೊಳ್ಳಲಿ.

ಅರ್ಜಿ ಒಂದೇ ಪುಟ ಇರಲಿ. ಜೊತೆಗೆ ಪ್ರಾಂಶುಪಾಲರ ಸಹಿ, ಮೊಹರು ಇರುವ ಶಿಫಾರಸು ಪತ್ರ. ಅದರಲ್ಲಿ ದಿನಾಂಕಗಳು, ಕೇಳುವ ಪಿಎಚ್‌ಸಿಯ ಹೆಸರು, ಕಾಲೇಜಿನ ಮಾರ್ಗದರ್ಶಕರು ಯಾರು, ಇಲಾಖೆಗೆ ಆರ್ಥಿಕ ಹೊರೆ ಇಲ್ಲ ಎಂಬ ಸಾಲು ಇರಬೇಕು. ಈ ಕೊನೆಯ ಸಾಲು ಇಲ್ಲದಿದ್ದರೆ ಅದನ್ನೇ ಕೇಳಿ ಕಾಗದ ವಾಪಸ್ ಬರಬಹುದು. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಕಡತ ನೋಡುವ ವಿಷಯ ನಿರ್ವಾಹಕರು ಯಾರೆಂದು ಕೇಳಿ ಬರೆದುಕೊಳ್ಳಿ, ವಾರ ಬಿಟ್ಟು ಹೋಗಿ ವಿಚಾರಿಸಿ. ಆದೇಶ ಡಿಎಚ್‌ಒ ಅವರಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅಲ್ಲಿಂದ ಪಿಎಚ್‌ಸಿಗೆ ಇಳಿಯಬೇಕು. ತಾಲ್ಲೂಕಿನಲ್ಲೇ ಅದು ಮಲಗುವುದುಂಟು. ಆದೇಶದ ಪ್ರತಿ ಅವಳ ಕೈಯಲ್ಲಿದ್ದರೆ ಮೊದಲ ದಿನ ಬಾಗಿಲಲ್ಲಿ ನಿಲ್ಲುವ ಪ್ರಸಂಗ ಬಾರದು. ಇದಕ್ಕೆಲ್ಲ ಆರು ವಾರ ಹಿಡಿಯಿರಿ: ಜೂನ್ ಮೊದಲ ವಾರ ಸೇರಬೇಕೆಂದರೆ ಏಪ್ರಿಲ್ ಮಧ್ಯದೊಳಗೆ ಅರ್ಜಿ ಕೊಟ್ಟಾಗಿರಬೇಕು.

ಹಣದ ವಿಷಯಕ್ಕೆ ಬಂದರೆ, ನೀವು ಕೇಳಿರಬಹುದಾದ ಯೋಜನೆಗಳಲ್ಲಿ ಬಹಳಷ್ಟು ಅವಳಿಗೆ ಅನ್ವಯಿಸುವುದಿಲ್ಲ. 2024ರಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಪೂರ್ಣಾವಧಿ ಓದುತ್ತಿರುವವರಿಗಲ್ಲ. ಯುವನಿಧಿ ಓದು ಮುಗಿಸಿ ಕೆಲಸ ಸಿಗದವರಿಗೆ. ಐಸಿಎಂಆರ್‌ನ ಅಲ್ಪಾವಧಿ ಸ್ಟೂಡೆಂಟ್‌ಶಿಪ್ ವೈದ್ಯ, ದಂತವೈದ್ಯ ವಿದ್ಯಾರ್ಥಿಗಳದ್ದು. ನೀತಿ ಆಯೋಗ ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತದೆ, ಭತ್ಯೆ ಕೊಡುವುದಿಲ್ಲ. ಈ ಅರ್ಜಿಗಳ ಹಿಂದೆ ಸೈಬರ್ ಸೆಂಟರಿಗೆ ಅಲೆಯಬೇಡಿ.

ನಿಜವಾಗಿ ಬೇಕಾಗುವುದೆಷ್ಟು? ಎಂಟು ವಾರ, ವಾರಕ್ಕೆ ಆರು ದಿನ, ಒಟ್ಟು 48 ದಿನ. ಮಧ್ಯಾಹ್ನದ ಊಟಕ್ಕೆ 60 ರೂಪಾಯಿಯಂತೆ 2,880. ಆ 48ರಲ್ಲಿ 24 ದಿನ ಹಳ್ಳಿ ತಿರುಗಾಟಕ್ಕೆ ಆಟೊ 50ರಂತೆ 1,200. ಎರಡು ತಿಂಗಳ ಫೋನ್ 600, ಜೆರಾಕ್ಸ್, ಪ್ರಿಂಟ್ 500. ಕೂಡಿದರೆ 5,180. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ. ಗಂಡುಮಕ್ಕಳಾದರೆ ಮದ್ದೂರು, ಮಂಡ್ಯ, ಮೈಸೂರು ಒಂದೇ ರೈಲುಮಾರ್ಗದಲ್ಲಿವೆ, ಮಾಸಿಕ ಪಾಸ್ ಬಸ್ಸಿಗಿಂತ ಬಹಳ ಅಗ್ಗ.

ಐದು ಸಾವಿರವನ್ನು ಒಂದೇ ಕಡೆ ಕೇಳಬೇಡಿ. ಮೊದಲು ಕಾಲೇಜು: ವಿದ್ಯಾರ್ಥಿ ಕಲ್ಯಾಣ ನಿಧಿಯಿಂದ ಪ್ರಯಾಣ, ಊಟದ ವೆಚ್ಚ ಭರಿಸಲು ಬರುತ್ತದೆಯೇ ಎಂದು ಅರ್ಜಿ ಕೊಡಲಿ. ನೀವು ಹಾಲು ಹಾಕುವ ಡೇರಿಯಲ್ಲಿ ಧರ್ಮನಿಧಿ ಇದ್ದರೆ ಕಾರ್ಯದರ್ಶಿಯನ್ನು ಕೇಳಿ, ಎರಡು ಸಾವಿರ ಅವರಿಗೆ ದೊಡ್ಡದಲ್ಲ. ಮಂಡ್ಯ, ಮದ್ದೂರಿನ ರೋಟರಿ, ಲಯನ್ಸ್ ಕ್ಲಬ್‌ಗಳಿಗೆ ಡಿಎಚ್‌ಒ ಅನುಮತಿ ಪತ್ರದ ಪ್ರತಿ ಇಟ್ಟು ಬರೆಯಿರಿ. ಕೆಲಸ ಗೊತ್ತಾದ ಮೇಲೆ ಕೇಳಿದರೆ ಕೊಡುವವರಿಗೂ ಧೈರ್ಯ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದಾಳೆಯೇ ಎಂದೂ ನೋಡಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆ ಬರೆದದ್ದು ನಿಮಗಲ್ಲ, ಇದನ್ನು ಓದುವ ಅಧ್ಯಾಪಕರಿಗೆ. ಒಬ್ಬ ವಿದ್ಯಾರ್ಥಿನಿ ಕೇಳಿದರೆ ಆ ಹಣ ಬರುವುದಿಲ್ಲ. ಆ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇರುವ ಟ್ರಸ್ಟ್ ಮೂಲಕ, 20 ವಿದ್ಯಾರ್ಥಿಗಳಿಗೆ ತಲಾ 6,000ದಂತೆ 1.2 ಲಕ್ಷದ ಒಂದು ಪ್ರಸ್ತಾವ ಸಿದ್ಧಮಾಡಿದರೆ ನಂಜನಗೂಡು, ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳ ಬಾಗಿಲು ತಟ್ಟಬಹುದು. ವಿಭಾಗ ಮಾಡಬೇಕಾದ ಕೆಲಸವನ್ನು ಮಕ್ಕಳ ಹೆಗಲಿಗೆ ಹಾಕಿ 'ನೀವೇ ಹುಡುಕಿಕೊಳ್ಳಿ' ಎನ್ನುವುದು ಸರಿಯಲ್ಲ.

ಕೊನೆಯದಾಗಿ, ಆಟೊ, ಊಟ, ಜೆರಾಕ್ಸ್‌ನ ರಸೀದಿ ಸಿಕ್ಕಷ್ಟನ್ನು ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಅಂಟಿಸಿಡಲಿ. ಆಟೊದವರು ರಸೀದಿ ಕೊಡುವುದಿಲ್ಲ, ಅದಕ್ಕೆ ಹೋದ ಊರು, ಮೊತ್ತ ಬರೆದು ಪಿಎಚ್‌ಸಿಯಲ್ಲಿ ವಾರಕ್ಕೊಮ್ಮೆ ಸಹಿ ಮಾಡಿಸಲಿ. ಪ್ರಮಾಣಪತ್ರದಲ್ಲಿ ಒಟ್ಟು ಗಂಟೆ ಮತ್ತು ಮಾಡಿದ ಕೆಲಸ ನಮೂದಾಗಿದೆಯೇ ಎಂದು ಅಲ್ಲೇ ಓದಿ ನೋಡಿ ಪಡೆಯಲಿ. ವೈದ್ಯಾಧಿಕಾರಿಗೆ ವರ್ಗವಾದ ಮೇಲೆ ತಿದ್ದಿಸುವುದು ಕಷ್ಟ.
– ಸಂಪಾದಕ