ಮೊದಲ ರಾಜ್ಯಪಾಲರು: ಮಹಾರಾಜ್ ಸಿಂಗರೋ, ಶ್ರೀಪ್ರಕಾಶರೋ?

ಒಂದು ಪಟ್ಟಿಯಲ್ಲಿ ರಾಜಾ ಮಹಾರಾಜ್ ಸಿಂಗ್, ಇನ್ನೊಂದರಲ್ಲಿ ಶ್ರೀಪ್ರಕಾಶ. ಮಹಾರಾಷ್ಟ್ರದ ಮೊದಲ ರಾಜ್ಯಪಾಲರು ಯಾರು ಎಂದು ಕೇಳಿದ್ದೀರಿ. ಪರೀಕ್ಷೆಗಾದರೆ ಶ್ರೀಪ್ರಕಾಶ ಎಂದೇ ಬರೆಯಿರಿ. ಮಹಾರಾಷ್ಟ್ರ ಹುಟ್ಟಿದ್ದು 1960ರ ಮೇ 1ರಂದು. 1956ರ ಕೊನೆಯಿಂದ ಮುಂಬಯಿ ರಾಜ್ಯದ ರಾಜ್ಯಪಾಲರಾಗಿದ್ದ ಅವರು ಹೊಸ ರಾಜ್ಯಕ್ಕೂ ಮುಂದುವರಿದರು. ಕೆಲವು ಪಟ್ಟಿಗಳು ಹಳೆಯ ಮುಂಬಯಿ ರಾಜ್ಯಪಾಲರಿಂದಲೇ ಶುರುವಾಗುತ್ತವೆ; ಗೊಂದಲಕ್ಕೆ ಇದೇ ಕಾರಣ.

ಮಹಾರಾಜ್ ಸಿಂಗ್ ಅದಕ್ಕೂ ಹಿಂದಿನವರು. 1948ರಲ್ಲಿ ಸರ್ ಜಾನ್ ಕಾಲ್ವಿಲ್ ಅವರಿಂದ ಅಧಿಕಾರ ವಹಿಸಿಕೊಂಡ, ಮುಂಬಯಿಯ ಮೊದಲ ಭಾರತೀಯ ಗವರ್ನರ್. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲವೂ ಮುಂಬಯಿಗೇ ಸೇರಿದ್ದವು. ಹಾಗಾಗಿ ಅವರು ನಮ್ಮ ಅಜ್ಜಂದಿರಿಗೂ ಗವರ್ನರ್! ಮಾಟುಂಗದ ನಮ್ಮ ಮನೆಯ ಟ್ರಂಕಿನಲ್ಲಿರುವ ಊರಿನ ಹೊಲದ ಹಳದಿಗಟ್ಟಿದ ಕಾಗದದ ಮೇಲೆ ಇಂದಿಗೂ 'ಮುಂಬಯಿ ಸರಕಾರ' ಎಂದೇ ಇದೆ.

ನನಗಂತೂ ಇಡೀ ಪಟ್ಟಿಯಲ್ಲಿ ಮಹಾರಾಜ್ ಸಿಂಗರೇ ಹೆಚ್ಚು ಇಷ್ಟ. 1950ರ ನವೆಂಬರ್‌ನಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ಕಾಮನ್‌ವೆಲ್ತ್ ತಂಡದ ವಿರುದ್ಧ ಗವರ್ನರ್ ತಂಡದ ನಾಯಕರಾಗಿ ಬ್ಯಾಟು ಹಿಡಿದರು. ಪ್ರಥಮ ದರ್ಜೆ ಕ್ರಿಕೆಟ್ ಆಡಿದ ಅತಿ ಹಿರಿಯ ಆಟಗಾರರೆಂಬ ದಾಖಲೆ ಅವರದು. ನಾಲ್ಕು ರನ್ ಗಳಿಸಿ ಇಂಗ್ಲೆಂಡಿನ ಸ್ಪಿನ್ ಬೌಲರ್ ಜಿಮ್ ಲೇಕರ್‌ಗೆ ಔಟಾದರು. ಲೇಕರ್‌ನಂಥವನೆದುರು ಆ ವಯಸ್ಸಿನಲ್ಲಿ ನಾಲ್ಕು ರನ್ ಕಡಿಮೆಯೇನಲ್ಲ ಬಿಡಿ.

ಮಹಾರಾಜ್ ಸಿಂಗ್ ಮತ್ತು ಶ್ರೀಪ್ರಕಾಶರ ನಡುವೆ ಬಂದವರು: ಗಿರಿಜಾಶಂಕರ ಬಾಜಪೇಯಿ, ಹರೇಕೃಷ್ಣ ಮಹತಾಬ್. ವಿಜಯಲಕ್ಷ್ಮಿ ಪಂಡಿತ್ ಬಂದದ್ದು 1962ರಲ್ಲಿ. ಅವರ ಹೆಸರನ್ನು ಮುಂಬಯಿ ರಾಜ್ಯದ ಪಟ್ಟಿಗೆ ಸೇರಿಸಬೇಡಿ.