ಬೈಬಲಿನ 99ನೇ ಕೀರ್ತನೆಯಲ್ಲಿ ದೇವರು ‘ಪರಿಶುದ್ಧನು’ ಎಂದು ಮೂರು ಸಲ ಬರುವುದೇಕೆ?

3, 5 ಮತ್ತು 9ನೇ ವಚನಗಳಲ್ಲಿ ಇದು ಪಲ್ಲವಿಯ ಹಾಗೆ ಬರುತ್ತದೆ. ಹೀಬ್ರೂ ಪದ ‘ಕಾದೋಶ್’. ಸುಮ್ನೆ ‘ಶುದ್ಧ’ ಅಂತಲ್ಲ, ಎಲ್ಲಕ್ಕಿಂತ ಬೇರೆಯಾಗಿ ನಿಂತವನು ಎಂಬ ಅರ್ಥವೇ ಜಾಸ್ತಿ.

ಮೊದಲ ಎರಡು ಸಲ ‘ಆತನು ಪರಿಶುದ್ಧನು’ ಅಷ್ಟೇ. ಜನಾಂಗಗಳು ನಡುಗುತ್ತವೆ, ಭೂಮಿ ಕದಲುತ್ತದೆ. ಆಮೇಲೆ ಇಸ್ರಾಯೇಲರ ನಾಯಕರಾದ ಮೋಶೆ, ಆರೋನ, ಸಮುವೇಲ ಬರುತ್ತಾರೆ. ಅವರು ಕರೆದರು, ಆತ ಉತ್ತರ ಕೊಟ್ಟ. ಮೂರನೇ ಸಲ ಮಾತು ಬದಲಾಗಿದೆ ನೋಡಿ: ‘ನಮ್ಮ ದೇವರಾದ ಯೆಹೋವನು ಪರಿಶುದ್ಧನು’. ಆ ‘ನಮ್ಮ’ ಎಂಬ ಪದದಲ್ಲೇ ದೇವರು ತನ್ನ ಜನರೊಂದಿಗೆ ಮಾಡಿಕೊಂಡ ಒಡಂಬಡಿಕೆ ಇದೆ ಅಲ್ವಾ? ನನಗೆ ತುಂಬಾ ಹಿಡಿಸಿದ ಜಾಗ ಇದು.

ಹಾಗಂತ ಸಲುಗೆಯೇನಲ್ಲ. 8ನೇ ವಚನದಲ್ಲಿ ಆತ ಕ್ಷಮಿಸುತ್ತಾನೆ, ತಪ್ಪಿಗೆ ದಂಡನೆಯನ್ನೂ ಕೊಡುತ್ತಾನೆ. ಅದಕ್ಕೇ ಇಸ್ರಾಯೇಲರು ಆತನ ಪಾದಪೀಠದ ಮುಂದೆ ಅಡ್ಡಬೀಳುತ್ತಾರೆ.