ಧ್ರುವ ನಕ್ಷತ್ರ ಮರದ ಹಿಂದೆ, ಲೆನ್ಸಿನ ಮೇಲೆ ಇಬ್ಬನಿ: ಆಕಾಶವೀಕ್ಷಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಈಕ್ವಟೋರಿಯಲ್ ಮೌಂಟ್ (ನಕ್ಷತ್ರಗಳ ಚಲನೆಗೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುವ ಆಧಾರ) ಮೇಲೆ 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ ಕ್ಯಾಮೆರಾ, 200 ಎಂಎಂ ಲೆನ್ಸ್ ಇಟ್ಟು ಫೋಟೊ ತೆಗೆಯುತ್ತಿದ್ದೇನೆ. ಒಂದು ನಿಮಿಷದ ಎಕ್ಸ್‌ಪೋಷರ್ ಕೊಟ್ಟರೂ ನಕ್ಷತ್ರಗಳು ಗೆರೆಯಾಗುತ್ತವೆ. ಮನೆಯ ಉತ್ತರಕ್ಕೆ ತೆಂಗಿನ ತೋಟ, ಧ್ರುವ ನಕ್ಷತ್ರ ಕಾಣುವುದೇ ಇಲ್ಲ. ಸಾಲದ್ದಕ್ಕೆ ಸಮತೋಲನದ ತೂಕ (ಕೌಂಟರ್‌ವೇಟ್) ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಮೌಂಟೇ ಕೆಟ್ಟಿದೆಯೇ? (ಓದುಗರು, ಹಾಸನ)

ಉತ್ತರ: ಮೌಂಟ್ ಕೆಟ್ಟಿರುವ ಲಕ್ಷಣ ಇದರಲ್ಲಿ ಇಲ್ಲ. ಇಂಥ ಮೌಂಟ್‌ಗಳ ಕೈಪಿಡಿ ಬರೆಯುವವರ ಕಣ್ಣ ಮುಂದೆ ಇರುವುದು 40, 50 ಡಿಗ್ರಿ ಅಕ್ಷಾಂಶದ ಬಳಕೆದಾರರು. ಅವರಿಗೆ ಧ್ರುವ ನಕ್ಷತ್ರ ಆಕಾಶದ ನಡು ಎತ್ತರದಲ್ಲಿ ಸಿಗುತ್ತದೆ. ಹಾಸನದಲ್ಲಿ ಅದು ದಿಗಂತದಿಂದ ಕೇವಲ 13 ಡಿಗ್ರಿ ಮೇಲೆ. ತೋಳು ಚಾಚಿ ಮುಷ್ಟಿ ಹಿಡಿದರೆ ಅದಕ್ಕಿಂತ ತುಸು ಎತ್ತರ, ಅಷ್ಟೇ. ನಿಮ್ಮ ಎರಡು ತೊಂದರೆಗಳ ಮೂಲ ಇದೇ.

ಮೊದಲು ಕೌಂಟರ್‌ವೇಟ್. ಧ್ರುವಾಕ್ಷ, ಅಂದರೆ ಆಕಾಶದ ಧ್ರುವದತ್ತ ಗುರಿಯಿಟ್ಟ, ಮೌಂಟ್ ಸುತ್ತುವ ಅಕ್ಷ, ಹೆಚ್ಚುಕಡಿಮೆ ಮಲಗಿದಂತಿರುವುದರಿಂದ ತೂಕದ ಸರಳು ಬಹುತೇಕ ನೇರ ಕೆಳಕ್ಕೆ, ತುಸು ಉತ್ತರಕ್ಕೆ ವಾಲಿ ಇಳಿಯುತ್ತದೆ. ಕೈಪಿಡಿ ಹೇಳಿದಂತೆ ಒಂದು ಕಾಲನ್ನು ಉತ್ತರಕ್ಕಿಟ್ಟರೆ ತೂಕ ಅದಕ್ಕೇ ಹೋಗಿ ತಾಗುತ್ತದೆ. ಟ್ರೈಪಾಡ್ ತಲೆಯ ಮೇಲೆ ಒಂದು ಸಣ್ಣ ಲೋಹದ ಗೂಟ ಇರುತ್ತದೆ. ಮೌಂಟಿನ ದಿಕ್ಕು ಹೊಂದಿಸುವ ಎರಡು ಸ್ಕ್ರೂಗಳು ಅದನ್ನೇ ಒತ್ತುವುದು. ಅನೇಕ ಟ್ರೈಪಾಡ್‌ಗಳಲ್ಲಿ ಈ ಗೂಟ ಬಿಚ್ಚಿ ಎದುರಿನ ತೂತಿಗೆ ಹಾಕಬಹುದು. ಹಾಗೆ ಮಾಡಿ, ಎರಡು ಕಾಲುಗಳ ನಡುವಿನ ಖಾಲಿ ಜಾಗ ಉತ್ತರಕ್ಕೆ ಬರುವಂತೆ ತಿರುಗಿಸಿ ನಿಲ್ಲಿಸಿ. ಆದರೆ ಎಚ್ಚರ: ಮೌಂಟಿನ ಭಾರ ಉತ್ತರಕ್ಕೆ ವಾಲಿರುವಾಗ ಆ ಕಡೆ ಕಾಲಿನ ಆಸರೆ ತಪ್ಪುತ್ತದೆ. ಕಾಲುಗಳನ್ನು ಗಿಡ್ಡ ಮಾಡಿ, ಪೂರ್ತಿ ಅಗಲಿಸಿ, ಬ್ಯಾಟರಿಯನ್ನು ದಕ್ಷಿಣದ ಕಾಲಿಗೆ ಕಟ್ಟಿ. ಗೂಟ ಬಿಚ್ಚಲು ಬರದಿದ್ದರೆ ಟ್ರೈಪಾಡ್ ಮತ್ತು ಮೌಂಟಿನ ನಡುವೆ 15–20 ಸೆಂ.ಮೀ. ಎತ್ತರದ ಪಿಯರ್ ಎಕ್ಸ್‌ಟೆನ್ಷನ್ ಬೇಕಾಗುತ್ತದೆ. ಹೊಸ ಮೌಂಟ್ ಕೊಳ್ಳುವವರು ಕನಿಷ್ಠ ಅಕ್ಷಾಂಶ ಎಷ್ಟು ಎಂದು ಕೇಳದೆ ಹಣ ಕೊಡಬೇಡಿ. ಕೆಲವು 15 ಅಥವಾ 20 ಡಿಗ್ರಿಗೇ ನಿಂತುಬಿಡುತ್ತವೆ.

ಇನ್ನು ಗೆರೆಯ ವಿಚಾರ. ಧ್ರುವಾಕ್ಷ ಒಂದು ಡಿಗ್ರಿ ತಪ್ಪಿದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 16 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಜಾರುತ್ತದೆ. ನಿಮ್ಮ ಕ್ಯಾಮೆರಾ ಮತ್ತು ಲೆನ್ಸಿನಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 4 ಆರ್ಕ್‌ಸೆಕೆಂಡ್. ಹಾಗಾಗಿ ಒಂದು ನಿಮಿಷದಲ್ಲಿ ನಾಲ್ಕು ಪಿಕ್ಸೆಲ್ ಉದ್ದದ ಗೆರೆ. ತಪ್ಪನ್ನು ಡಿಗ್ರಿಯ ಆರನೇ ಒಂದು ಭಾಗಕ್ಕೆ ಇಳಿಸಿದರೆ ಜಾರುವುದು ಮುಕ್ಕಾಲು ಪಿಕ್ಸೆಲ್ಲಿಗಿಂತ ಕಡಿಮೆ. ನಕ್ಷತ್ರ ದುಂಡಗೇ ಕಾಣುತ್ತದೆ. ಅದಕ್ಕಿಂತ ನಿಖರತೆ 200 ಎಂಎಂಗೆ ಬೇಕಿಲ್ಲ.

ಧ್ರುವ ಕಾಣದೆಯೂ ಇದನ್ನು ಸಾಧಿಸಬಹುದು. ಲ್ಯಾಪ್‌ಟಾಪ್ ಇದ್ದರೆ ಉಚಿತವಾಗಿ ಸಿಗುವ 'ನಿನಾ' ತಂತ್ರಾಂಶದ ಮೂರು ಬಿಂದುಗಳ ಪೋಲಾರ್ ಅಲೈನ್‌ಮೆಂಟ್ (ಧ್ರುವಾಕ್ಷ ಹೊಂದಿಸುವ ವಿಧಾನ) ಬಳಸಿ. ಆಕಾಶದ ತೆರೆದ ಯಾವುದೇ ಭಾಗದಲ್ಲಿ ಮೂರು ಚಿತ್ರ ತೆಗೆದು ಅಕ್ಷ ಎಷ್ಟು ತಪ್ಪಿದೆ ಎಂದು ಅದು ತೋರಿಸುತ್ತದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಹಳೆಯ ಡ್ರಿಫ್ಟ್ ವಿಧಾನವಿದೆ. ಖಗೋಳ ಸಮಭಾಜಕದ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಕಲ್ಪಿಸಿದ ರೇಖೆ) ಹತ್ತಿರದ ನಕ್ಷತ್ರವೊಂದು ನೆತ್ತಿಯ ಮೇಲೆ ಹಾಯುವ ಉತ್ತರ-ದಕ್ಷಿಣ ರೇಖೆ ದಾಟುವಾಗ ಅದನ್ನು ಐದು ನಿಮಿಷ ನೋಡಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೆಚ್ಚಾಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಅದನ್ನು ಸರಿಪಡಿಸಿದ ಮೇಲೆ ಪೂರ್ವದಲ್ಲಿ ಆಗಷ್ಟೇ ಮೇಲೇರಿದ ಇನ್ನೊಂದು ನಕ್ಷತ್ರ ಹಿಡಿಯಿರಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಚಳಿಗಾಲದಲ್ಲಿ ಇದಕ್ಕೆ ಒರಾಯನ್ ನಡುಪಟ್ಟಿಯಲ್ಲಿ ಮೊದಲು ಮೂಡುವ ಮಿಂಟಾಕ ನಕ್ಷತ್ರಕ್ಕಿಂತ ಒಳ್ಳೆಯದು ಸಿಗದು. ಅದು ಸಮಭಾಜಕದ ಮೇಲೇ ಇದೆ.

ಇಷ್ಟಾದರೂ ಗೆರೆ ಹೋಗದಿದ್ದರೆ ಅದರ ದಿಕ್ಕು ನೋಡಿ. ಉತ್ತರ-ದಕ್ಷಿಣ ಗೆರೆ ಎಂದರೆ ಅಲೈನ್‌ಮೆಂಟ್ ಇನ್ನೂ ಸರಿಯಿಲ್ಲ. ಸಾಲು ಚಿತ್ರಗಳಲ್ಲಿ ನಕ್ಷತ್ರ ಪೂರ್ವ-ಪಶ್ಚಿಮವಾಗಿ ಹಿಂದೆ ಮುಂದೆ ಓಡಾಡುತ್ತಿದ್ದರೆ ಅದು ಗೇರಿನ ದೋಷ. ಎಕ್ಸ್‌ಪೋಷರ್ ಅನ್ನು 30 ಸೆಕೆಂಡಿಗೆ ಇಳಿಸಿ, ಚಿತ್ರಗಳ ಸಂಖ್ಯೆ ಹೆಚ್ಚಿಸಿ.

ಪ್ರಶ್ನೆ: ಡಿಸೆಂಬರ್, ಜನವರಿಯಲ್ಲಿ ಆಕಾಶ ಶುಭ್ರವಾಗಿದ್ದರೂ ರಾತ್ರಿ ಹತ್ತರ ಹೊತ್ತಿಗೆ ಲೆನ್ಸ್ ಇಬ್ಬನಿಯಿಂದ ಮುಚ್ಚಿಹೋಗುತ್ತದೆ. ಒರೆಸಿದರೆ ಹತ್ತೇ ನಿಮಿಷಕ್ಕೆ ಮತ್ತೆ ಅದೇ ಕತೆ. (ಓದುಗರು, ಚಿಕ್ಕಮಗಳೂರು)

ಉತ್ತರ: ದಯವಿಟ್ಟು ಒರೆಸಬೇಡಿ. ಇಬ್ಬನಿಯೊಂದಿಗೆ ಕೂತ ದೂಳಿನ ಕಣ ಲೆನ್ಸಿನ ಲೇಪನವನ್ನು ಗೀರುತ್ತದೆ. ಶುಭ್ರ ಆಕಾಶದತ್ತ ತಿರುಗಿದ ಗಾಜು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಆಕಾಶ ಎಷ್ಟು ಚೆನ್ನಾಗಿದೆಯೋ ಇಬ್ಬನಿಯೂ ಅಷ್ಟು ಬೇಗ. ಗಾಜನ್ನು ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿಟ್ಟರೆ ಸಾಕು.

ಮೊದಲು ಮರೆ. ಕಪ್ಪು ಫೋಮ್ ಹಾಳೆಯನ್ನು ಲೆನ್ಸಿನ ವ್ಯಾಸದ ಒಂದೂವರೆ ಪಟ್ಟು ಉದ್ದಕ್ಕೆ ಸುತ್ತಿ ಮುಂದಕ್ಕೆ ಚಾಚಿ. ವೈಡ್ ಲೆನ್ಸ್ ಆದರೆ ಚಿತ್ರದ ಮೂಲೆಗಳು ಕಪ್ಪಾಗದಷ್ಟು ಮಾತ್ರ.

ಚಿಕ್ಕಮಗಳೂರಿನ ಚಳಿಗೆ ಮರೆಯೊಂದೇ ಸಾಲದು, ಹೀಟರ್ ಪಟ್ಟಿ ಬೇಕು. ಅದನ್ನು ಮನೆಯಲ್ಲೇ ಮಾಡಬಹುದು. 330 ಓಮ್, 1 ವ್ಯಾಟ್ ರೆಸಿಸ್ಟರ್ ಎಂಟು ತನ್ನಿ. ಎರಡು ತಾಮ್ರದ ತಂತಿಗಳನ್ನು ಸಮಾನಾಂತರವಾಗಿ ಹಿಡಿದು, ಏಣಿಯ ಮೆಟ್ಟಿಲುಗಳಂತೆ ಮೂರು ಸೆಂ.ಮೀ.ಗೆ ಒಂದರಂತೆ ರೆಸಿಸ್ಟರ್‌ಗಳನ್ನು ಅಡ್ಡಲಾಗಿ ಸೋಲ್ಡರ್ ಮಾಡಿ. 12 ವೋಲ್ಟಿಗೆ ಒಂದೊಂದೂ 0.44 ವ್ಯಾಟ್ ಶಾಖ ಕೊಡುತ್ತದೆ, ಒಟ್ಟು 3.5 ವ್ಯಾಟ್. 75 ಎಂಎಂ ವ್ಯಾಸದ ಲೆನ್ಸಿಗೆ ಇದು ಸರಿಯಾದ ಅಳತೆ. ಎಲ್ಲರೂ ಎಡವುವ ಜಾಗ ಒಂದಿದೆ: ಒಂದರ ಬಾಲಕ್ಕೆ ಇನ್ನೊಂದನ್ನು ಸೇರಿಸಿ ಸರಣಿಯಲ್ಲಿ ಜೋಡಿಸುವುದು. ಆಗ ಒಟ್ಟು ಶಾಖ 0.05 ವ್ಯಾಟ್, ಪಟ್ಟಿ ರಾತ್ರಿಯಿಡೀ ತಣ್ಣಗೇ ಇರುತ್ತದೆ. ಅರ್ಧ ವ್ಯಾಟಿನ ರೆಸಿಸ್ಟರ್ ಅಗ್ಗ, ಆದರೆ ಅದು ತನ್ನ ಮಿತಿಯ ಅಂಚಿನಲ್ಲೇ ಕೆಲಸ ಮಾಡಬೇಕಾಗುತ್ತದೆ, ಬೇಡ. ಬೆತ್ತಲೆ ತಂತಿ ಒಂದಕ್ಕೊಂದು ತಾಗದಂತೆ ಶಾಖ ತಡೆಯುವ ಟೇಪ್ ಸುತ್ತಿ, ಮೇಲೆ ದಪ್ಪ ಬಟ್ಟೆ ಹೊಲಿಯಿರಿ. ಬ್ಯಾಟರಿಯ ತಂತಿಯಲ್ಲಿ 1 ಆಂಪಿಯರ್ ಫ್ಯೂಸ್ ಇರಲೇಬೇಕು.

ಪಟ್ಟಿಯನ್ನು ಮುಂದಿನ ಗಾಜಿನ ಹಿಂಬದಿಗೇ ಕಟ್ಟಿ. ಶಾಖಕ್ಕೆ ಫೋಕಸ್ ಜರುಗುತ್ತದೆ, ಆದ್ದರಿಂದ ಅರ್ಧ ಗಂಟೆ ಮೊದಲೇ ಆನ್ ಮಾಡಿ ಆಮೇಲೆ ಫೋಕಸ್ ಮಾಡಿ. ಯುಪಿಎಸ್‌ನಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸುವುದು ಅದರ ಆಯಸ್ಸಿಗೆ ಒಳ್ಳೆಯದು. ಹೀಟರ್ ಒಂದಕ್ಕೇ ಆದರೆ ರಾತ್ರಿಯೆಲ್ಲ ಬರುತ್ತದೆ. ಒಂದು ಆಂಪಿಯರ್ ಎಳೆಯುವ ಮೌಂಟನ್ನೂ ಸೇರಿಸಿದರೆ ಮೂರು ಗಂಟೆಯೂ ಬಾರದು. ಮೌಂಟಿಗೆ ಬೇರೆ ಬ್ಯಾಟರಿ ಇಡಿ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಟೆಲಿಸ್ಕೋಪಿನ ಐಪೀಸ್‌ಗಳಲ್ಲಿ (ಕಣ್ಣಿಡುವ ಮಸೂರ) ಬೂಷ್ಟು. ಅಕ್ಕಿ ಡಬ್ಬದಲ್ಲಿ ಇಡಬಹುದೇ? (ಓದುಗರು, ಶಿರಸಿ)

ಉತ್ತರ: ಅಕ್ಕಿ ಕೆಲಸಕ್ಕೆ ಬಾರದು, ಅದರ ಹುಡಿ ಬೇರೆ ಒಳಗೆ ಸೇರುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಅದರೊಳಗೆ ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್, ಅರ್ಧ ಕಿಲೊ ಸಿಲಿಕಾ ಜೆಲ್. ತೇವಾಂಶ 40ರಿಂದ 50 ಶೇಕಡಾ ಇರಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ 120 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಕಾಯಿಸಿ, ಮುಚ್ಚಿಟ್ಟು ಆರಿಸಿ ಮತ್ತೆ ಬಳಸಿ. ಜೊತೆಗೆ ಬಂದ ಫೋಮ್ ಪೆಟ್ಟಿಗೆ, ಚರ್ಮದ ಚೀಲಗಳನ್ನು ಮಳೆಗಾಲಕ್ಕೆ ದೂರವಿಡಿ, ಅವು ತೇವ ಹಿಡಿದಿಟ್ಟುಕೊಳ್ಳುತ್ತವೆ. ಇಬ್ಬನಿ ಕೂತ ಐಪೀಸಿಗೆ ತಕ್ಷಣ ಮುಚ್ಚಳ ಹಾಕುವುದೇ ಬೂಷ್ಟಿಗೆ ಬೀಜ ಬಿತ್ತಿದ ಹಾಗೆ. ಮನೆಯೊಳಗೆ ತೆರೆದಿಟ್ಟು ಪೂರ್ತಿ ಒಣಗಿದ ಮೇಲೆ ಮುಚ್ಚಿ. ಬೂಷ್ಟು ಲೇಪನವನ್ನು ಕೊರೆದ ನಂತರ ಎಷ್ಟು ಶುಚಿ ಮಾಡಿದರೂ ಆ ಗುರುತು ಹೋಗದು.

ಪ್ರಶ್ನೆ: ಎಂಟನೇ ತರಗತಿಯ ಮಗಳಿಗೆ ಟೆಲಿಸ್ಕೋಪ್ ಕೊಡಿಸಬೇಕು. 70 ಎಂಎಂನದ್ದು 525 ಪಟ್ಟು ದೊಡ್ಡದಾಗಿ ತೋರಿಸುತ್ತದಂತೆ. ಕೊಳ್ಳಬಹುದೇ? (ಓದುಗರು, ದಾವಣಗೆರೆ)

ಉತ್ತರ: ಬೇಡ. ವ್ಯಾಸದ ಮಿಲಿಮೀಟರಿಗೆ ಎರಡು ಪಟ್ಟು, ಅದೇ ಮಿತಿ. 70 ಎಂಎಂಗೆ 140. ಅದರಾಚೆ ಬಿಂಬ ದೊಡ್ಡದಾಗುತ್ತದೆ, ಮಸುಕಾಗುತ್ತದೆ, ಹೊಸ ವಿವರ ಏನೂ ಬರುವುದಿಲ್ಲ. ಜೊತೆಗೆ ಕೊಡುವ ತೆಳು ಕಾಲಿನ ಸ್ಟ್ಯಾಂಡ್ ಮುಟ್ಟಿದರೆ ನಡುಗುತ್ತದೆ. ಮಕ್ಕಳು ಬೇಸತ್ತು ಬಿಡುವುದು ಅದರಿಂದಲೇ. 150 ಎಂಎಂ ವ್ಯಾಸ, 1200 ಎಂಎಂ ಫೋಕಲ್ ಉದ್ದದ ಡಾಬ್ಸೋನಿಯನ್ (ಸರಳ ಪೆಟ್ಟಿಗೆಯಂಥ ಆಧಾರದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್) ಕೊಡಿಸಿ. 25 ಎಂಎಂ ಐಪೀಸಿನಲ್ಲಿ 48 ಪಟ್ಟು, 10 ಎಂಎಂನಲ್ಲಿ 120 ಪಟ್ಟು. ಶನಿಯ ಬಳೆ, ಗುರುವಿನ ಪಟ್ಟೆ ಎರಡೂ ಚೆನ್ನಾಗಿ ಕಾಣುತ್ತವೆ. ಅಷ್ಟು ಹಣ ಈಗ ಇಲ್ಲವೆಂದರೆ 10×50 ಬೈನಾಕ್ಯುಲರ್ ಕೊಡಿಸಿ. ಕೃತ್ತಿಕೆ, ಧನು ರಾಶಿಯ ಹಾಲುಹಾದಿ ಅದರಲ್ಲೇ ಹೆಚ್ಚು ಸೊಗಸು.

ಪ್ರಶ್ನೆ: 2027ರ ಆಗಸ್ಟ್ 2ರ ಸೂರ್ಯಗ್ರಹಣಕ್ಕೆ ಐಪೀಸಿಗೆ ತಿರುಗಿಸಿ ಹಾಕುವ ಸನ್ ಫಿಲ್ಟರ್ ಸಾಕೇ? (ಓದುಗರು, ಉಡುಪಿ)

ಉತ್ತರ: ಅದನ್ನು ಇವತ್ತೇ ಎಸೆಯಿರಿ. ದೂರದರ್ಶಕ ಒಟ್ಟುಗೂಡಿಸಿದ ಶಾಖವೆಲ್ಲ ಬಂದು ಬೀಳುವ ಜಾಗದಲ್ಲೇ ಅದು ಕೂರುತ್ತದೆ, ಬಿಸಿಗೆ ಬಿರುಕು ಬಿಡುತ್ತದೆ, ಆ ಕ್ಷಣ ಕಣ್ಣು ಅಲ್ಲೇ ಇರುತ್ತದೆ. ಫಿಲ್ಟರ್ ಯಾವಾಗಲೂ ಕೊಳವೆಯ ಮುಂದಿನ ಬಾಯಿಗೇ. ಕಣ್ಣಿನಿಂದ ನೋಡಲು ಆಪ್ಟಿಕಲ್ ಡೆನ್ಸಿಟಿ (ಬೆಳಕು ತಡೆಯುವ ಪ್ರಮಾಣ) 5 ಇರುವ ಸೋಲಾರ್ ಫಿಲ್ಮ್ ತರಿಸಿ. ಫೋಟೊಗೆಂದೇ ಬರುವ 3.8ರ ಫಿಲ್ಮಿನಲ್ಲಿ ಕಣ್ಣಿಟ್ಟು ನೋಡಕೂಡದು. ಫಿಲ್ಮನ್ನು ಎಳೆದು ಬಿಗಿಯದೆ ಸಡಿಲವಾಗಿ ರಟ್ಟಿನ ಚೌಕಟ್ಟಿಗೆ ಅಂಟಿಸಿ, ಗಾಳಿಗೆ ಹಾರದಂತೆ ಟೇಪಿನಿಂದ ಕೊಳವೆಗೆ ಭದ್ರ ಮಾಡಿ. ಪ್ರತಿ ಸಲ ಬಳಸುವ ಮುನ್ನ ಬಲ್ಬಿನ ಎದುರು ಹಿಡಿದು ಸೂಜಿತೂತು ಇದೆಯೇ ನೋಡಿ. ಕರ್ನಾಟಕಕ್ಕೆ ಇದು ಪಾರ್ಶ್ವ ಗ್ರಹಣ, ಅದೂ ಸಂಜೆಯ ಹೊತ್ತು, ಸೂರ್ಯ ಪಶ್ಚಿಮಕ್ಕೆ ಇಳಿದಿರುತ್ತಾನೆ. ಬೆಳಕು ಕುಂದಿದೆ ಎಂದು ಫಿಲ್ಟರ್ ತೆಗೆಯುವ ಹಾಗಿಲ್ಲ. ಫೈಂಡರ್ ಸ್ಕೋಪಿಗೂ (ಗುರಿಯಿಡಲು ಕೊಳವೆಯ ಮೇಲಿರುವ ಪುಟ್ಟ ದೂರದರ್ಶಕ) ಮುಚ್ಚಳ ಹಾಕಿ, ಇಲ್ಲವೇ ಬಿಚ್ಚಿಡಿ. ಸೂರ್ಯನಿಗೆ ಗುರಿಯಿಡಲು ಕೊಳವೆಯ ನೆರಳು ನೆಲದ ಮೇಲೆ ಅತಿ ಚಿಕ್ಕದಾಗುವವರೆಗೆ ತಿರುಗಿಸಿದರೆ ಸಾಕು.